ಪರದೆಯ ಹೆಂಗಸಿನ ಸ್ವರ

ನಾನು ಬಾಯಿ ತೆರೆದರೆ ಮಲಗಿದ ಎಮ್ಮೆಯೂ ಎದ್ದು ನಿಲ್ಲುತ್ತದೆ ಎಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದರು. ಅಂಥ ನನ್ನ ತಲೆಗೇ ಹಿತವಾದ ಸ್ವರ ಹುಡುಕುವ ಕೆಲಸ ಬಿತ್ತು. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ಶಿರಸಿಯಿಂದ ಪ್ರಚಾರದ ವ್ಯಾನಿನಲ್ಲಿ ಊರೂರು ತಿರುಗಿ, ಸಿಡುಬು ಬಾರದಂತೆ ಲಸಿಕೆಯ ದಾಕು ಹಾಕಿಸಿಕೊಳ್ಳಿ ಎನ್ನುವ ಕಿರುಚಿತ್ರ ತೋರಿಸುವುದು ನನ್ನ ನೌಕರಿ. ಚಿತ್ರ ಮುಂಬಯಿ ಸರಕಾರದ ಕಾಲದ್ದು. ಪರದೆಯ ಮೇಲೆ ದಾದಿಯೊಬ್ಬಳು ದಾಕು ಹಾಕುತ್ತಿದ್ದರೆ, ಹಿನ್ನೆಲೆಯಲ್ಲಿ ಒಬ್ಬ ಗಂಡಸು ಮರಾಠಿಯಲ್ಲಿ ಗದರುತ್ತಿದ್ದ. ಸಿದ್ದಾಪುರದಲ್ಲಿ ಹೆಂಗಸರು ಅರ್ಧಕ್ಕೇ ಮಕ್ಕಳನ್ನೆತ್ತಿಕೊಂಡು ಎದ್ದುಹೋದರು.

ನಮ್ಮ ಸಾಹೇಬರು ಧಾರವಾಡದ ಕಡೆಯವರು. "ಮಂದಿ ಅಂಜತಾರ್ರೀ. ತಣ್ಣಗ ಮಾತಾಡೋರನ್ನ ಹುಡುಕ್ರಿ, ಟೇಪಿನ್ಯಾಗ ಹಿಡದು ಚಿತ್ರದ ಜೋಡಿ ಹಾಕೋಣು" ಎಂದರು.

ಒಬ್ಬ ಮಾಸ್ತರರು ಮಗ್ಗಿ ಒಪ್ಪಿಸಿದಂತೆ ಓದಿದರು. ಒಬ್ಬ ಭಾಗವತರು ತಾಳವಿಲ್ಲದೆ ಬಾಯೇ ಬಿಡಲೊಲ್ಲರು. ಕೊನೆಗೆ ಅಮ್ಮನ ನೆನಪಾಯಿತು.

ನಮ್ಮ ಕೇರಿಯಲ್ಲಿ ಓದು ಬಾರದ ಹೆಂಗಸರ ಪತ್ರಗಳನ್ನು ಓದಿ ಹೇಳುತ್ತಿದ್ದವಳು ಅವಳೇ. ಮೊದಲು ಮನಸ್ಸಿನಲ್ಲೇ ಓದಿಕೊಳ್ಳುವಳು. ಸುದ್ದಿ ಕೆಟ್ಟದಿದ್ದರೆ ಬಂದವಳನ್ನು ಕೂರಿಸಿ, ಒಂದು ಗುಟುಕು ನೀರು ಕುಡಿಸಿ, ಆಮೇಲೆ ಹೇಳುವಳು.

ಆದರೆ ಅವಳಿಗೆ ದಾಕು ಎಂದರೆ ಸುತರಾಂ ಆಗದು. ಅವಳ ತಂಗಿಗೆ ಹಾಕಿಸಿದಾಗ ಕೈ ಬಾತು ವಾರಗಟ್ಟಲೆ ಜ್ವರ ಬಂದಿತ್ತಂತೆ. ನನ್ನ ಎರಡು ವರ್ಷದ ಮಗಳನ್ನು ದಾಕಿನವರಿಗೆ ಮುಟ್ಟಲೂ ಬಿಟ್ಟಿರಲಿಲ್ಲ. ಯಲ್ಲಾಪುರದ ಕಡೆ ಆಗ ಸಿಡುಬು ಎದ್ದಿತ್ತು. ನನಗೆ ಒಳಗೊಳಗೇ ಜೀವ ಹಿಂಡುತ್ತಿತ್ತು. ಆದರೂ ಅಮ್ಮನ ಎದುರು ಬಾಯಿ ಬಾರದು.

ಟೇಪಿಗೆ ಓದಲು ಮಾತ್ರ ಒಪ್ಪಿದಳು. "ಊರವರ ಪತ್ರ ಓದ್ತೆ. ಹಂಗಂತ ಅದರಲ್ಲಿದ್ದ ಹಾಂಗೆ ಆನು ನಡೀತ್ನಾ?"

ಕಾಗದ ಹಿಡಿದವಳು ರೂಢಿಯಂತೆ ಮೊದಲು ತನ್ನಷ್ಟಕ್ಕೇ ಓದಿಕೊಂಡಳು. ಆಮೇಲೆ, "ಕೂತ್ಕ ತಂಗಿ, ಒಂದು ಗುಟುಕು ನೀರು ಕುಡಿ" ಎಂದು ಶುರುಮಾಡಿದಳು. ಅದು ಕಾಗದದಲ್ಲಿ ಇರಲಿಲ್ಲ. ಸಾಹೇಬರು ತೆಗೆಯಗೊಡಲಿಲ್ಲ.

ಯಲ್ಲಾಪುರದಲ್ಲಿ ಒಬ್ಬರೂ ಏಳಲಿಲ್ಲ. ಶಿರಸಿಯ ಮೈದಾನದಲ್ಲಿ ತೋರಿಸಿದಾಗ ಅಮ್ಮ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆಯೇ ಕೂತಿದ್ದಳು. ತನ್ನ ಸ್ವರವನ್ನು ಹೊರಗಿನಿಂದ ಅವಳು ಅದುವರೆಗೆ ಕೇಳಿದ್ದೇ ಇಲ್ಲ. ಮುಗಿದ ಮೇಲೆ ನನ್ನನ್ನು ಕರೆದು ಮೆಲ್ಲಗೆ ಕೇಳಿದಳು: "ಆನು ಹೇಳಿದ್ದನ್ನೇ ಆ ಹೆಂಗಸಿಗೆ ಕಲಿಸಿದ್ರಾ? ಎಷ್ಟು ಚೆಂದ ಹೇಳ್ತು. ಅದು ಸುಳ್ಳು ಹೇಳೂ ಪೈಕಿ ಅಲ್ಲ."

ಪರದೆಯ ಮೇಲಿದ್ದ ದಾದಿಯೇ ಮಾತಾಡಿದ್ದು ಎಂದು ಅವಳು ತಿಳಿದಿದ್ದಳು. ಅದು ನಿನ್ನದೇ ಸ್ವರ ಎನ್ನಲು ಹೊರಟವನು ಮಗಳ ಮುಖ ನೋಡಿ ಸುಮ್ಮನಾದೆ. ಮರುದಿನ ಬೆಳಿಗ್ಗೆ ದಾಕು ಹಾಕುವವನ ಮುಂದೆ ಅಮ್ಮನೇ ಕೂಸಿನ ತೋಳು ಹಿಡಿದಳು.

ದಾಕಿನ ಗಾಯದ ಹಕ್ಕಳೆ ಉದುರಿದ ಮೇಲೆ ಹೇಳೋಣ ಎಂದುಕೊಂಡೆ. ಉದುರಿತು. ಹೇಳಲಿಲ್ಲ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಅಮ್ಮ ಕೇರಿಯವರ ಪತ್ರ ಓದುವುದನ್ನು ಮೆಲ್ಲಮೆಲ್ಲಗೆ ಬಿಟ್ಟಿದ್ದಳು. ಓದಿಸಿಕೊಳ್ಳಲು ಬಂದವರಿಗೆ ಸೊಸೆಯನ್ನು ತೋರಿಸುತ್ತಿದ್ದಳು. ನಾನು ಕಣ್ಣಿಗೆ ಮಂಜು ಬಂದಿರಬೇಕು ಅಂದುಕೊಂಡಿದ್ದೆ. ಮುಂದಿನ ವರ್ಷ ಸಾಹೇಬರು ಇನ್ನೊಂದು ಚಿತ್ರಕ್ಕೆ ಅವಳನ್ನೇ ಕೇಳಿದರು. "ಆ ಹೆಂಗಸನ್ನೇ ಕರೀರಿ. ಯನ್ನ ಸ್ವರ ಬೇಡ ಹೇಳಿ ಬಿಟ್ಟಿದ್ರಲಾ" ಎಂದಳು.

ಪತ್ರ ಓದುವುದು ಬಿಟ್ಟದ್ದೂ ಇದಕ್ಕೇ ಎಂದು ಆಗ ಹೊಳೆದು, ಎಲ್ಲವನ್ನೂ ಹೇಳಿದೆ. ಅಮ್ಮ ನಕ್ಕು, ನನ್ನ ಬೆನ್ನು ಸವರಿದಳು.

"ಯನ್ನ ಸಮಾಧಾನಕ್ಕೆ ಸುಳ್ಳು ಹೇಳಡ, ತಮಾ."