ಅವ್ವ ಹಿಡಿ ಹಾಕಿದ ಚಾಕು

ಅವ್ವ ತೀರಿಕೊಂಡ ಮೇಲೆ ಅವಳ ಕಸೂತಿ ಡಬ್ಬಿ ನನ್ನ ಪಾಲಿಗೆ ಬಂತು. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ, ಮುಚ್ಚಳ ಬಹಳ ಬಿಗಿ. ಹೋದ ತಿಂಗಳು ಅದನ್ನು ಚಮಚದ ತುದಿಯಿಂದ ಮೀಟಿ ತೆರೆದಾಗ ನೂಲಿನ ವಾಸನೆಗಿಂತ ಮೊದಲು ಇನ್ನೊಂದು ವಾಸನೆ ಬಂತು. ಒಣ ತೊಗಟೆಯದು, ಅದರೊಳಗೆ ಸ್ವಲ್ಪ ಹೊಗೆ, ಸ್ವಲ್ಪ ಅಗಸೆ ಎಣ್ಣೆ. ರೇಷ್ಮೆ ನೂಲಿನ ಉಂಡೆಗಳ ಕೆಳಗೆ ಬರ್ಚ್ ಮರದ ತೊಗಟೆಯ ಹನ್ನೊಂದು ಚೌಕಗಳಿದ್ದವು. ಒಂದೊಂದೂ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ನಡುವೆ ಒಂದು ಸೀಳು. ನೀವೂ ತೀರಿಕೊಂಡವರ ಡಬ್ಬಿಯನ್ನೋ ಪೆಟ್ಟಿಗೆಯನ್ನೋ ತೆರೆದಿದ್ದರೆ ನಿಮಗೆ ಗೊತ್ತಿರುತ್ತದೆ, ಇಂಥ ವಾಸನೆಗೆ ಆಯುಷ್ಯ ಕಡಿಮೆ. ಎರಡನೆಯ ಸಲ ಮೂಗಿಗೆ ಹಿಡಿದಾಗ ಅದು ಅರ್ಧ ಹೋಗಿಬಿಟ್ಟಿತ್ತು. ಪೂರ್ತಿ ಹೋಗುವ ಮೊದಲು, ನೆನಪಿದ್ದಷ್ಟನ್ನು ಬರೆದಿಡುತ್ತಿದ್ದೇನೆ.

ಆಗ ನಾವು ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಫೊಯರ್‌ಬಾಕ್‌ನಲ್ಲಿ ಹಳೆಯ ಮನೆಯೊಂದರ ಮಹಡಿಯ ಮೇಲಿದ್ದೆವು. ಅಪ್ಪ ಹತ್ತಿರದ ಕಾರ್ಖಾನೆಯಲ್ಲಿ ಎಂಜಿನಿಯರ್. ಅವ್ವ ಧಾರವಾಡದವಳು, ಮನೆಯಲ್ಲೇ ಇರುತ್ತಿದ್ದಳು. ಜರ್ಮನ್ ಕ್ಲಾಸಿಗೆ ಹೋಗಿ ಕಲಿತಿದ್ದ ಭಾಷೆಯನ್ನು ಅಂಗಡಿಯಲ್ಲೂ ಬಸ್ಸಿನಲ್ಲೂ ಅಂಜದೆ ಬಳಸುತ್ತಿದ್ದಳು. ನನಗೆ ಹತ್ತು ವರ್ಷ. ಕೆಳಗಡೆ ಎಸ್ಕೊ ಅಜ್ಜ ಒಬ್ಬರೇ ಇದ್ದರು. ಇಪ್ಪತ್ತರ ಹರೆಯದಲ್ಲಿ ಫಿನ್ಲೆಂಡಿನಿಂದ ಬಂದು, ಇಲ್ಲೇ ದುಡಿದು, ಇಲ್ಲೇ ಹೆಂಡತಿಯನ್ನು ಮಣ್ಣುಮಾಡಿದವರು. ಹಿತ್ತಲಿನ ಶೆಡ್ಡಿನಲ್ಲಿ ಅವರದೊಂದು ಸಣ್ಣ ಕುಲುಮೆಯಿತ್ತು, ಕೆಲ್ಲರಿನಲ್ಲಿ, ಅಂದರೆ ನೆಲಮಾಳಿಗೆಯಲ್ಲಿ, ಒಂದು ಉದ್ದನೆಯ ಕೆಲಸದ ಮೇಜು. ಅವರು ಮಾಡುತ್ತಿದ್ದದ್ದು ತಮ್ಮ ಊರಿನ ಚಾಕು, ಪೂಕ್ಕೊ. ಅಂಗೈಯಗಲದಷ್ಟೇ ಉದ್ದದ ಅಲಗು, ನೆಟ್ಟಗಿನ ಬೆನ್ನು, ಸೊಂಟದ ಬೆಲ್ಟಿಗೆ ತೂಗುಹಾಕುವ ಚರ್ಮದ ಒರೆ. ಹಿಡಿ ಮಾತ್ರ ವಿಚಿತ್ರ. ತೊಗಟೆಯನ್ನು ಚೌಕಗಳಾಗಿ ಕತ್ತರಿಸಿ, ನಡುವೆ ಸೀಳಿ, ಅಲಗಿನ ಹಿಂದಿನ ಸಪೂರ ಬಾಲಕ್ಕೆ ಒಂದರ ಮೇಲೊಂದು ಪೋಣಿಸಿ ಒತ್ತುತ್ತಾರೆ. ಕೊನೆಯಲ್ಲಿ ಹಿತ್ತಾಳೆಯ ಬಿಲ್ಲೆಯಿಟ್ಟು ಬಾಲದ ತುದಿಯನ್ನು ಬಡಿದು ಮುಚ್ಚಿದರೆ ತೊಗಟೆಯ ಆ ಕಂತೆ ಮರದಷ್ಟು ಗಟ್ಟಿಯಾಗುತ್ತದೆ. ಆಮೇಲೆ ಅದನ್ನು ಕೆತ್ತಿ, ಅರದಿಂದ ಉಜ್ಜಿ, ಎಣ್ಣೆ ಕುಡಿಸಬೇಕು.

ಆ ವರ್ಷ ಎಸ್ಕೊ ಅಜ್ಜನ ಕೈ ನಡುಗತೊಡಗಿತ್ತು. ಸುತ್ತಿಗೆ ಎತ್ತಿದರೆ ನಡುಕ ನಿಲ್ಲುತ್ತಿತ್ತು, ಸಣ್ಣ ಕೆಲಸಕ್ಕೆ ಕೂತರೆ ಮತ್ತೆ ಶುರುವಾಗುತ್ತಿತ್ತು. ಅಲಗನ್ನು ಬೇಸಿಗೆಯಲ್ಲೇ ಕಾಯಿಸಿ ಬಡಿದು, ಹದ ಕೊಟ್ಟು ಇಟ್ಟಿದ್ದರು. ಹಿಡಿ ಅವರಿಂದ ಆಗಲಿಲ್ಲ. ನಮ್ಮ ಸ್ಟುಟ್‌ಗಾರ್ಟ್ ಕಡೆ ಮೆಟ್ಟಿಲು ಗುಡಿಸುವುದಕ್ಕೆ ಮನೆಗೊಂದು ವಾರ ಅಂತ ಪಾಳಿ ಇರುತ್ತದೆ. ಕೇರ್‌ವೋಖೆ ಅನ್ನುತ್ತಾರೆ. ನಮ್ಮ ಪಾಳಿಯ ವಾರ ಅವ್ವ ಕೆಲ್ಲರಿನ ಮೆಟ್ಟಿಲು ಗುಡಿಸುತ್ತ ಇಳಿದವಳು, ಎಸ್ಕೊ ಅಜ್ಜ ತೊಗಟೆ ಕತ್ತರಿಸಲು ಹೋಗಿ ಹಾಳುಮಾಡಿದ ತುಂಡುಗಳ ರಾಶಿ ನೋಡಿದಳು. ಪೊರಕೆಯನ್ನು ಗೋಡೆಗೆ ಒರಗಿಸಿ, ಅವರ ಕೈಯಿಂದ ಕತ್ತರಿ ತೆಗೆದುಕೊಂಡು, ಗೆರೆ ಹಾಕದೆ ಎಂಟು ಚೌಕ ಕತ್ತರಿಸಿದಳು. ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಎಳೆಯುವುದಿಲ್ಲ. ಎಳೆ ಎಣಿಸಿಯೇ ಗೋಪುರ ಮೂಡಿಸಬೇಕು. ಎಸ್ಕೊ ಅಜ್ಜ ಎಂಟನ್ನೂ ಅಳತೆಪಟ್ಟಿಯಿಟ್ಟು ಅಳೆದು ನೋಡಿದರು. ತಮ್ಮ ಕುರ್ಚಿಯಿಂದ ಎದ್ದು ಅದನ್ನು ಅವಳತ್ತ ಸರಿಸಿದರು.

ಹಾಗೆ ಶುರುವಾದದ್ದು ಆರು ವಾರ ನಡೆಯಿತು. ನಾನು ಶಾಲೆಯಿಂದ ಬಂದು ಮೆಟ್ಟಿಲ ಮೇಲೆ ಕೂತು ಊಟ ಮಾಡುತ್ತಿದ್ದೆ, ಅವರಿಬ್ಬರೂ ಕೆಳಗೆ ಕೆಲಸ ಮಾಡುತ್ತಿದ್ದರು. ಎಸ್ಕೊ ಅಜ್ಜ ಹಿಡಿಗೆ ಹಚ್ಚುವ ಎಣ್ಣೆಯ ಡಬ್ಬಿ ತೆರೆದ ದಿನ ಅವ್ವ ಮೂಗೆಳೆದು ನನ್ನ ಕಡೆ ತಿರುಗಿದಳು. “ಅಗಸಿ ಎಣ್ಣಿ ಇದು! ಅಗಸಿ ಚಟ್ನಿ ವಾಸನಿ ನೋಡs.” ಮರುದಿನ ಚಟ್ನಿಪುಡಿ ಕೆಳಗಿಳಿಯಿತು. ಎಸ್ಕೊ ಅಜ್ಜ ಅದನ್ನು ಬೆಣ್ಣೆ ಹಚ್ಚಿದ ರೈ ಬ್ರೆಡ್ಡಿಗೆ ಉದುರಿಸಿಕೊಂಡು, ಕಣ್ಣಲ್ಲಿ ನೀರು ಬಂದರೂ ಪೂರ್ತಿ ತಿಂದರು. ಅಪ್ಪ ಮಾತ್ರ ರೇಗಿಸುತ್ತಿದ್ದ. “ನನ್ನ ಅಂಗಿಗೆ ಗುಂಡಿ ಹಚ್ಚಲಿಕ್ಕೆ ಟೈಮ್ ಇಲ್ಲ, ಕೆಲ್ಲರ್‌ನ್ಯಾಗ ಕೂತು ಚಾಕು ಮಾಡ್ತಾಳ.” ಅವ್ವ ತಲೆಯೆತ್ತದೆ ಹೇಳುತ್ತಿದ್ದಳು, “ಗುಂಡಿ ಹಚ್ಚಲಿಕ್ಕೆ ನಿಮಗೂ ಎರಡು ಕೈ ಅದಾವಲ್ರಿ.”

ಚಾಕು ಯಾರಿಗೆ ಎನ್ನುವುದನ್ನು ಎಸ್ಕೊ ಅಜ್ಜ ಒಮ್ಮೆ ಮಾತ್ರ ಹೇಳಿದರು, ಅರಕ್ಕೆ ಅಂಟಿದ ಪುಡಿಯನ್ನು ಬ್ರಶ್ಶಿನಿಂದ ತೆಗೆಯುತ್ತ. ಅವರಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಗಂಡುಮಕ್ಕಳಿಗೆ ಹತ್ತು ತುಂಬಿದಾಗ ಒಂದೊಂದು ಪೂಕ್ಕೊ ಮಾಡಿಕೊಟ್ಟಿದ್ದರು. ಮಗಳು ಲೇನಾ ತನ್ನ ಸರದಿ ಬಂದಾಗ ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದ್ದಳು. ಇವರು ಅವಳಿಗೆ ಕೈಗಡಿಯಾರ ತಂದುಕೊಟ್ಟರು. ಅವಳು ಅದನ್ನು ಒಂದು ದಿನವೂ ಕಟ್ಟಲಿಲ್ಲ. ಆಗ ಅವಳಿಗೆ ಐವತ್ತು, ಹ್ಯಾಂಬರ್ಗಿನಲ್ಲಿರುತ್ತಿದ್ದಳು. ಅಕ್ಟೋಬರಿನ ಒಂದು ಭಾನುವಾರ ಬಂದು ತಂದೆಯನ್ನು ತನ್ನ ಮನೆ ಹತ್ತಿರದ ವೃದ್ಧಾಶ್ರಮಕ್ಕೆ ಕರೆದೊಯ್ಯುವವಳಿದ್ದಳು. ಕುಲುಮೆ ಇಲ್ಲೇ ಉಳಿಯುತ್ತದೆ. “ಆ ಭಾನುವಾರದೊಳಗೆ ಮುಗಿಯಬೇಕು, ಅಷ್ಟೇ” ಎಂದರು.

ಹಿಡಿ ಮುಗಿದಾಗ ಆ ಭಾನುವಾರಕ್ಕೆ ಇನ್ನೂ ಆರು ದಿನ ಉಳಿದಿದ್ದವು. ಮರುದಿನ ಖಂಡೇನವಮಿ. ನಮ್ಮ ಕಡೆ ಅಂದು ಮನೆಯ ಆಯುಧಗಳಿಗೆಲ್ಲ ಪೂಜೆ, ಅಂದು ಅವನ್ನು ಯಾರೂ ಮುಟ್ಟಿ ಕೆಲಸ ಮಾಡುವಂತಿಲ್ಲ. ಕೊನೆಯ ಸಲ ಎಣ್ಣೆ ಹಚ್ಚಲು ಅವ್ವ ಚಾಕುವನ್ನು ಮೇಲೆ ತಂದಿದ್ದಳು. “ಇಷ್ಟು ವರ್ಷ ಸ್ಕ್ರೂಡ್ರೈವರ್‌ಗೆ, ಲ್ಯಾಪ್‌ಟಾಪಿಗೆ ಪೂಜಿ ಮಾಡೀನಿ. ಈ ಸಲ ಖರೇ ಖಂಡೆ ಬಂದದ ಮನಿಗೆ” ಎಂದಳು. ಹಿಡಿ ಉಜ್ಜುವಾಗ ಕೈಗೆ ತಾಗದಿರಲೆಂದು ಎಸ್ಕೊ ಅಜ್ಜ ಅಲಗಿಗೆ ಟೇಪು ಸುತ್ತಿದ್ದರು. ಟೇಪಿನ ಮೇಲೆ ಕುಂಕುಮ ಹಚ್ಚುವುದು ಸರಿಯಲ್ಲವೆಂದು ಅವ್ವ ಅದನ್ನು ಬಿಚ್ಚಿದಳು. ನೀರಲ್ಲಿ ಕಲಸಿದ ಅರಿಷಿಣ ಕುಂಕುಮದ ಬೊಟ್ಟಿಟ್ಟು, ನಿಂಬೆಹಣ್ಣು ಎರಡು ಹೋಳು ಮಾಡಿ, ಕುಂಕುಮ ಸವರಿ, ಒಂದನ್ನು ಅಲಗಿನ ಮೇಲೆ ಬೋರಲು ಇಟ್ಟಳು. ಮರುದಿನ ಬೆಳಿಗ್ಗೆಯವರೆಗೆ ಅದು ಹಾಗೇ ಇತ್ತು.

ನಮ್ಮ ಅಡುಗೆಮನೆಯ ಚಾಕುಗಳೆಲ್ಲ ಸ್ಟೇನ್‌ಲೆಸ್. ಕುಲುಮೆಯ ಉಕ್ಕು ಬೇರೆ, ಹುಳಿ ತಾಗಿದರೆ ಕಪ್ಪಾಗುತ್ತದೆ ಎಂದು ಅವ್ವನಿಗೆ ಹೊಳೆದಿರಲಿಲ್ಲ, ಲೋಹದ ಬಗ್ಗೆ ದಿನವಿಡೀ ಮಾತಾಡುವ ಅಪ್ಪ ಪೂಜೆಯಲ್ಲಿ ಪಕ್ಕದಲ್ಲೇ ನಿಂತಿದ್ದರೂ ಬಾಯಿ ಬಿಟ್ಟಿರಲಿಲ್ಲ. ಒರೆಸಿದಾಗ ಅಲಗಿನ ಮೇಲೆ ಮೂರು ಕಪ್ಪು ಕಲೆಗಳಿದ್ದವು. ಉಗುರಾಡಿಸಿದರೆ ತಗ್ಗು ತಿಳಿಯುತ್ತಿತ್ತು. ಅವ್ವ ಅದನ್ನು ಮುಚ್ಚಿಡಲಿಲ್ಲ, ನೇರ ಕೆಳಗೆ ಒಯ್ದಳು. ಎಸ್ಕೊ ಅಜ್ಜ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. “ಉಕ್ಕಿನ ಮೇಲೆ ನಿಂಬೆಹಣ್ಣೇ?” ಎಂದರು. ಅವ್ವ ತನ್ನ ಜರ್ಮನ್‌ನಲ್ಲಿ ಪೂಜೆ ಎಂದರೇನು ಎಂದು ಹೇಳಲು ಹೊರಟಳು. ಅವರು ಕೈಯೆತ್ತಿ ತಡೆದು, “ದಯವಿಟ್ಟು ಮೇಲೆ ಹೋಗಿ” ಎಂದರು. ಆ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಕಾರ್ಖಾನೆಗೆ ಒಯ್ದರೆ ಯಂತ್ರದಲ್ಲಿ ಹತ್ತು ನಿಮಿಷದ ಕೆಲಸ ಎಂದು ಅಪ್ಪ ಕೆಳಗಿಳಿದು ಹೇಳಿ ಬಂದ. ಎಸ್ಕೊ ಅಜ್ಜ ಒಪ್ಪಲಿಲ್ಲ. ಯಂತ್ರದ ಕಾವಿಗೆ ಅಲಗಿನ ಹದ ಹೋಗುತ್ತದೆ ಎಂದರಂತೆ.

ಮರುದಿನ ಅವ್ವ ಕರೆಯದೆಯೇ ಕೆಳಗಿಳಿದು ಮೇಜಿನ ಮುಂದೆ ಕೂತಳು. “ಸಾಣೆ ಹಿಡಿಯುವುದನ್ನು ಕಲಿಸಿ” ಎಂದಳು. ಬಹಳ ಹೊತ್ತು ಅವರು ಬೆನ್ನು ತಿರುಗಿಸಿಯೇ ಇದ್ದರು. ಕೊನೆಗೆ ಕಲ್ಲಿಗೆ ನೀರು ಹನಿಸಿ, ನಡುಗುವ ಬೆರಳಿನಿಂದಲೇ ಅವಳ ಮಣಿಕಟ್ಟನ್ನು ಓರೆಮಾಡಿ ಕೋನ ತೋರಿಸಿದರು. ಮೂರು ದಿನ ಕೆಲ್ಲರಿನಿಂದ ಒಂದೇ ಸದ್ದು ಬರುತ್ತಿತ್ತು. ಎರಡು ಕಲೆ ಹೋದವು. ಬೆನ್ನಿನ ಹತ್ತಿರದ ಮೂರನೆಯದು ಆಳದ್ದು. ಶನಿವಾರ ಎಸ್ಕೊ ಅಜ್ಜ ಅವಳ ಕೈ ಹಿಡಿದು ನಿಲ್ಲಿಸಿದರು. “ಸಾಕು. ಇನ್ನು ಉಜ್ಜಿದರೆ ಕಲೆಯ ಜೊತೆ ಅಲಗೂ ಹೋಗುತ್ತದೆ.”

ಭಾನುವಾರ ಲೇನಾ ಬಂದಳು. ಎತ್ತರದ, ಮಾತು ಕಡಿಮೆಯ ಹೆಂಗಸು. ಅಂಗಳದಲ್ಲಿ ನಾವೆಲ್ಲ ನಿಂತಿರುವಾಗಲೇ ಎಸ್ಕೊ ಅಜ್ಜ ಚಾಕುವನ್ನು ಒರೆಸಮೇತ ಅವಳಿಗೆ ಕೊಟ್ಟರು. ಅವಳು ಹಿರಿದು ನೋಡಿದಳು, ಹೆಬ್ಬೆರಳು ಕಲೆಯ ಮೇಲೆ ನಿಂತಿತು. ಅವರು ಬಾಯಿ ತೆರೆಯುವ ಮೊದಲೇ ಅವ್ವ, “ಅದು ನನ್ನ ತಪ್ಪು” ಎಂದಳು.

“ಹಿಡಿ?” ಲೇನಾ ತಂದೆಯನ್ನೇ ಕೇಳಿದಳು.

“ಅದೂ ಇವರೇ ಮಾಡಿದ್ದು. ನನ್ನ ಕೈಯಲ್ಲಿ ಆಗಲಿಲ್ಲ.”

“ಅಣ್ಣಂದಿರದ್ದೆಲ್ಲ ನೀವೇ ಮಾಡಿದ್ದಿರಿ.”

“ಹೌದು” ಎಂದರು. “ಅವರಿಗೆ ಕೇಳದೆ ಮಾಡಿಕೊಟ್ಟೆ. ನೀನು ಕೇಳಿದ್ದೆ.”

ಲೇನಾ ಚಾಕುವನ್ನು ಒರೆಗೆ ಸೇರಿಸಿ ಒಳಗೆ ಕಿಟಕಿಯ ಕಟ್ಟೆಯ ಮೇಲಿಟ್ಟು, ಪೆಟ್ಟಿಗೆಗಳನ್ನು ಹೊರತೊಡಗಿದಳು. ಒಂದು ಗಂಟೆಯಲ್ಲಿ ಮನೆ ಖಾಲಿಯಾಯಿತು. ಕಟ್ಟೆಯ ಮೇಲೆ ಚಾಕು ಇದ್ದಲ್ಲೇ ಇತ್ತು. “ಬಿಟ್ಟು ಹೋಗ್ತಾಳಕಿ” ಎಂದ ಅಪ್ಪ. “ಸುಮ್ಮನಿರ್ರಿ” ಎಂದಳು ಅವ್ವ. ಎಸ್ಕೊ ಅಜ್ಜನನ್ನು ಕಾರಿನಲ್ಲಿ ಕೂರಿಸಿ, ಕೊನೆಯದಾಗಿ ಒಳಗೆ ಹೋದ ಲೇನಾ ಬೀಗ ಹಾಕಿ ಹೊರಬಂದಾಗ ಅವಳ ಕೈಯಲ್ಲಿ ಬೀಗದ ಕೈ ಮಾತ್ರ ಇತ್ತು. ಕಾರಿನ ಕಿಟಕಿಯ ಹತ್ತಿರವೇ ನಿಂತಿದ್ದರಿಂದ ಮುಂದಿನದನ್ನು ನಾನು ಕಣ್ಣಾರೆ ಕಂಡೆ. ಸೀಟ್ ಬೆಲ್ಟ್ ಎಳೆದುಕೊಳ್ಳುವಾಗ ಏನೋ ಅಡ್ಡ ಬಂತು. ಅವಳು ಕೋಟು ಸರಿಸಿ, ಸೊಂಟದಲ್ಲಿ ತೂಗುತ್ತಿದ್ದ ಒರೆಯನ್ನು ಹಿಂದಕ್ಕೆ ತಳ್ಳಿ, ಬೆಲ್ಟ್ ಹಾಕಿಕೊಂಡಳು. ಎಸ್ಕೊ ಅಜ್ಜ ಅದನ್ನು ನೋಡಿದರೋ ಇಲ್ಲವೋ ಹೇಳಲಾರೆ. ಅವರ ಮುಖ ರಸ್ತೆಯ ಕಡೆಗಿತ್ತು.

ಚಳಿಗಾಲ ಮುಗಿಯುವ ಮೊದಲೇ ಎಸ್ಕೊ ಅಜ್ಜ ತೀರಿಕೊಂಡರು. ಲೇನಾ ಕಾರ್ಡು ಬರೆದು ತಿಳಿಸಿದಳು. ದಿನಾ ಮಧ್ಯಾಹ್ನ ಆ ಚಾಕುವಿನಿಂದಲೇ ತಂದೆಗೆ ಸೇಬು ಹೆಚ್ಚಿಕೊಡುತ್ತಿದ್ದೆ ಎಂದು ಅದರಲ್ಲಿತ್ತು. ಅವ್ವ ಅದನ್ನು ಎರಡು ಸಲ ಓದಿದಳು, ಯಾವ ಪದದ ಅರ್ಥವನ್ನೂ ನನ್ನನ್ನು ಕೇಳಲಿಲ್ಲ. ಮರುವರ್ಷ ಮನೆ ಮಾರಾಟವಾಗಿ ನಾವು ಹತ್ತಿರದ ರೆನ್ನಿಂಗೆನ್‌ಗೆ ಬಂದೆವು. ಆ ಮನೆ ಕೆಡವಿ ಕಟ್ಟಿದ ಫ್ಲ್ಯಾಟುಗಳಲ್ಲಿ ಈಗ ಯಾರಿದ್ದಾರೋ ಗೊತ್ತಿಲ್ಲ. ಆ ಭಾನುವಾರ ಅಂಗಳದಲ್ಲಿದ್ದ ಐವರಲ್ಲಿ ಮೂವರು ಉಳಿದಿದ್ದೇವೆ, ಮೂರು ಊರುಗಳಲ್ಲಿ. ಲೇನಾಳ ವಿಳಾಸ ನನ್ನ ಬಳಿ ಇದೆ. ಪತ್ರಿಕೆಗೆ ಸುದ್ದಿ ಬರೆಯುವುದೇ ನನ್ನ ಕೆಲಸ. ಅವ್ವ ಹೋದ ಸುದ್ದಿಯನ್ನು ಅವಳಿಗೆ ಇನ್ನೂ ಬರೆದಿಲ್ಲ.