ತೂರಿಯಾ ಮನೆಯ ಸ್ಕ್ರೂ ರೊಟ್ಟಿ

ತೆತುವಾನ್ ಊರಿನ ಹಳೇಪೇಟೆಯ ಓಣಿಗಳಿಗೆ ಇನ್ನೂ ಪೂರ್ತಿ ಬೆಳಕು ಇಳಿದಿಲ್ಲ. ಅಷ್ಟರಲ್ಲೇ ತೂರಿಯಾ ಎರಡು ಬಗೆಯ ಹಿಟ್ಟು ಕಲಸಿ ಮುಗಿಸಿದ್ದಾರೆ. ಒಂದು ಮನೆಮಂದಿಯ ರೊಟ್ಟಿಗೆ. ಇನ್ನೊಂದಕ್ಕೆ ಉಪ್ಪೂ ಇಲ್ಲ, ಉಬ್ಬಿಸುವ ಹುಳಿಯೂ ಇಲ್ಲ. ನೀರು ಕಡಿಮೆ, ಎಣ್ಣೆ ತುಸು ಜಾಸ್ತಿ. ಅದನ್ನು ಮರದ ಹಲಗೆಯ ಮೇಲೆ ಲ್ಯಾಪ್‌ಟಾಪಿನಷ್ಟೇ ಅಗಲಕ್ಕೆ ತಟ್ಟುತ್ತಾರೆ. ಆಮೇಲೆ ದುಂಡು ಮೇಜಿನ ಮೇಲೆ ಲ್ಯಾಪ್‌ಟಾಪನ್ನು ಬೋರಲು ಹಾಕಿ ಒಂದೊಂದೇ ಸ್ಕ್ರೂ ಬಿಚ್ಚುತ್ತಾರೆ. ಬಿಚ್ಚಿದ್ದನ್ನು ಹಿಟ್ಟಿನಲ್ಲೂ ಅದೇ ಜಾಗ ನೋಡಿ ಒತ್ತುತ್ತಾರೆ.

"ಉಪ್ಪು ಬಿದ್ರೆ ಸ್ಕ್ರೂ ತುಕ್ಕು ಹಿಡಿಯುತ್ತೆ," ಎನ್ನುತ್ತಾರೆ, ತಲೆ ಎತ್ತದೆ. "ಗಿಡ್ಡದ್ದರ ತೂತಿಗೆ ಉದ್ದದ್ದು ಹಾಕಿದ್ರೆ ಒಳಗಿನ ಬೋರ್ಡೇ ಹೋಗುತ್ತೆ. ನನ್ನ ಮಗಳ ಲ್ಯಾಪ್‌ಟಾಪನ್ನ ಹಾಗೇ ಕೊಂದೆ. ಎಷ್ಟೋ ದಿನ ಮಾತು ಬಿಟ್ಟಿದ್ಲು. ಆಮೇಲೆ ಬಂತು ಈ ಹಿಟ್ಟಿನ ಬುದ್ಧಿ."

ಇವತ್ತು ಬೋರಲು ಬಿದ್ದಿರುವುದು ಪಕ್ಕದ ಓಣಿಯ ಇಕ್ರಾಮ್‌ಳ ಲ್ಯಾಪ್‌ಟಾಪ್. ಊರಿನ ಹಳೆಯ ಮಣ್ಣಿನ ನೀರುಕೊಳವೆಗಳ ಬಗ್ಗೆ ಆಕೆ ಬರೆದ ಪ್ರಬಂಧ, ನಕ್ಷೆ, ಚಿತ್ರ ಎಲ್ಲವೂ ಅದರೊಳಗಿವೆ. ಮಧ್ಯಾಹ್ನ ಪಕ್ಕದೂರು ಮಾರ್ತೀಲ್‌ನ ಕಾಲೇಜಿನಲ್ಲಿ ಪರೀಕ್ಷಕರ ಮುಂದೆ ಅದನ್ನು ಮಂಡಿಸಬೇಕು. ಯಂತ್ರವೋ, ಹಚ್ಚಿದ ಸ್ವಲ್ಪ ಹೊತ್ತಿಗೆ ಕಾದು ಆರಿಹೋಗುತ್ತದೆ. ಬೇರೆಡೆಗೆ ನಕಲು ಮಾಡಿಕೊಳ್ಳಲು ಹೊರಟರೆ ಅರ್ಧಕ್ಕೇ ಕತ್ತಲು.

"ಆಗುತ್ತಾ, ಖಾಲ್ತಿ?" ಪಕ್ಕದಲ್ಲೇ ಕೂತ ಇಕ್ರಾಮ್ ಕೇಳುತ್ತಾಳೆ. ಓಣಿಯ ಹುಡುಗಿಯರಿಗೆಲ್ಲ ತೂರಿಯಾ ಖಾಲ್ತಿಯೇ, ಚಿಕ್ಕಮ್ಮ.

"ಉಗುರು ಕಚ್ಚೋದು ನಿಲ್ಸಿದ್ರೆ ಆಗುತ್ತೆ. ಬಾ, ಟಾರ್ಚ್ ಹಿಡ್ಕೋ."

ಮೊದಲು ಬ್ಯಾಟರಿಯ ತಂತಿ ಕಳಚುತ್ತಾರೆ, ಆಮೇಲೆ ಫ್ಯಾನ್. ಗಾಳಿ ಹೊರಹೋಗುವ ಕಿಂಡಿಗೆ ಬೂದು ಬಣ್ಣದ ಕಂಬಳಿ ಹೊದಿಸಿದಂತಿದೆ. ತೂರಿಯಾ ಅದನ್ನು ಚಿಮಟಿಗೆಯಲ್ಲಿ ಎತ್ತಿ ಹಿಡಿಯುತ್ತಾರೆ.

"ಇನ್ನೊಂದು ಬೆಕ್ಕು ಮಾಡಬಹುದು ಇದರಲ್ಲಿ. ನಿಮ್ಮನೆ ಬೆಕ್ಕು ಇದರ ಮೇಲೇ ಮಲಗುತ್ತೇನೇ?"

"ಚಳಿಗಾಲದಲ್ಲಿ ಮಾತ್ರ, ಖಾಲ್ತಿ."

ತೂರಿಯಾಗೆ ಈಗ ನಲವತ್ತೆಂಟು. ಟ್ಯಾಂಜಿಯರ್‌ನ ಕಾರ್ಖಾನೆಯೊಂದರಲ್ಲಿ ಕಾರುಗಳ ತಂತಿಗಳನ್ನು ಹೆಣೆಯುತ್ತಿದ್ದವರು. ಗಂಡ ಮೀನುದೋಣಿಯಲ್ಲಿ. ಅತ್ತೆ ಲಲ್ಲಾ ರಹ್ಮಾ ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡಾಗ ಕೆಲಸ ಬಿಟ್ಟು ಬಂದರು. ಮನೆಯಲ್ಲಿ ಸುಮ್ಮನೆ ಕೂರಲಾಗದೆ, ಹತ್ತಿರದ ಸೆಬ್ತಾ ಗಡಿ ದಾಟಿ ಬರುತ್ತಿದ್ದ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಕೆಟ್ಟವನ್ನು ತಂದು ಬಿಚ್ಚತೊಡಗಿದರು. ಕಲಿಸಿದವರು ಯಾರೂ ಇಲ್ಲ. ಕೀಬೋರ್ಡಿನ ತೆಳು ಪಟ್ಟಿಗಳನ್ನು ಹರಿದು ಹರಿದೇ ಕೈ ಹಗುರವಾಯಿತು. ಈಗ ದಿನಕ್ಕೆ ಎರಡೋ ಮೂರೋ ಬರುತ್ತವೆ, ಹೆಚ್ಚಿನವು ಹೆಂಗಸರವು. ಒಳಗಿರುವ ಮದುವೆ ಫೋಟೋಗಳನ್ನು ಅಂಗಡಿಯವರ ಕೈಗೆ ಕೊಡಲು ಅವರಿಗೆ ಮನಸ್ಸಿಲ್ಲ. ತೂರಿಯಾ ರಿಪೇರಿ ಮಾಡುವುದು ಮಾಲೀಕರ ಕಣ್ಣೆದುರಿಗೇ.

ಅಷ್ಟರಲ್ಲಿ ಚಹಾದ ಪಾತ್ರೆ ಹಿಡಿದು ಲಲ್ಲಾ ರಹ್ಮಾ ಬರುತ್ತಾರೆ.

"ಮೇಜು ಬಿಡ್ತೀಯೋ, ನನ್ನ ತಲೆ ಮೇಲೆ ಇಟ್ಕೊಂಡು ತಿನ್ನಲೋ?"

ಮನೆಯಲ್ಲಿರುವುದು ಇದೊಂದೇ ಮೇಜು. ಲ್ಯಾಪ್‌ಟಾಪ್ ಕಿಟಕಿಕಟ್ಟೆಗೆ ಹೋಗುತ್ತದೆ. ಸ್ಕ್ರೂ ನೆಟ್ಟ ಹಲಗೆಗೆ ಬಟ್ಟೆ ಮುಚ್ಚಿ, ಯಾರೂ ತುಳಿಯದಿರಲಿ ಎಂದು ಹೊಸ್ತಿಲ ಮೂಲೆಗೆ ಇಡುತ್ತಾರೆ. ಮೇಜಿಗೆ ಆಲಿವ್, ಆಡಿನ ಹಾಲಿನ ಚೀಸ್, ಪುದೀನ ಚಹಾ ಬರುತ್ತವೆ. ಇಕ್ರಾಮ್‌ಗೆ ತುತ್ತು ಇಳಿಯುವುದಿಲ್ಲ.

ತಿಂದು ಎದ್ದು ನೋಡಿದರೆ ಹೊಸ್ತಿಲು ಖಾಲಿ.

ಲಲ್ಲಾ ರಹ್ಮಾ ಹಣೆ ಚಚ್ಚಿಕೊಳ್ಳುತ್ತಾರೆ. "ಹೊಸ್ತಿಲಲ್ಲಿ ಮುಚ್ಚಿಟ್ಟ ಹಲಗೆ ಅಂದ್ರೆ ಏನೇ? ಒಲೆ ಕಡೆ ಹೋಗೋರು ಎತ್ಕೊಂಡು ಹೋಗಲಿ ಅಂತ ತಾನೇ? ಯಾರೋ ಪುಣ್ಯಾತ್ಗಿತ್ತಿ ನಿನಗೆ ಉಪಕಾರ ಮಾಡಿದ್ದಾಳೆ!"

ಓಣಿಯವರೆಲ್ಲರ ರೊಟ್ಟಿ ಸುಡುವ ಒಲೆ ಕೆಳಗಿನ ತಿರುವಿನಲ್ಲಿದೆ. ತೂರಿಯಾ ಮನೆಯ ಚಪ್ಪಲಿಯಲ್ಲೇ ಓಡುತ್ತಾರೆ, ಹಿಂದೆ ಇಕ್ರಾಮ್. ಒಲೆ ನೋಡಿಕೊಳ್ಳುವ ಮುದುಕರು ಬಾ ಅಲ್ಲಾಲ್ ('ಬಾ' ಎಂದರೆ ಅಪ್ಪ) ಉದ್ದ ಹಿಡಿಯ ಮರದ ಸಲಿಕೆಯ ಮೇಲೆ ಏನನ್ನೋ ಹೊರಗೆಳೆದು, ಕಣ್ಣು ಕಿರಿದಾಗಿಸಿ ನೋಡುತ್ತಿದ್ದಾರೆ.

"ಏನಮ್ಮಾ ಇದು? ಉಬ್ಬೋದೂ ಇಲ್ಲ, ಕೆಂಪಾಗೋದೂ ಇಲ್ಲ. ಎಳ್ಳು ಹಾಕಿದ್ದೀಯ ಅಂದ್ಕೊಂಡೆ. ಕಡ್ಡೀಲಿ ಚುಚ್ಚಿದ್ರೆ ಟಿಣ್ ಅಂತು!"

ಇಕ್ರಾಮ್ ಗೋಡೆಗೊರಗಿ ಅಳಲು ಶುರುಮಾಡುತ್ತಾಳೆ. ತೂರಿಯಾ ಸೆರಗಿನಂತಿರುವ ತಲೆಬಟ್ಟೆಯ ತುದಿಯಲ್ಲಿ ಸುಟ್ಟ ಹಿಟ್ಟಿನ ಬಿಸಿ ಹಾಳೆಯನ್ನು ಹಿಡಿದು ಬಾಗಿಲ ಬೆಳಕಿಗೆ ತರುತ್ತಾರೆ. ನಾಲ್ಕು ಮೂಲೆಯ ಉದ್ದನೆಯವು, ನಡುವಿನ ಗಿಡ್ಡವು, ಫ್ಯಾನಿನ ಪುಟಾಣಿಗಳು ಎಲ್ಲ ಇದ್ದಲ್ಲೇ ಇವೆ. ಹಾಳೆಯನ್ನು ನಿಧಾನಕ್ಕೆ ತಲೆಕೆಳಗು ಮಾಡುತ್ತಾರೆ. ಒಂದೂ ಉದುರುವುದಿಲ್ಲ.

"ಬಾ ಅಲ್ಲಾಲ್," ತೂರಿಯಾ ನಗು ತಡೆಯಲಾರದೆ ಹೇಳುತ್ತಾರೆ, "ಇಷ್ಟು ಒಳ್ಳೇ ರೊಟ್ಟಿ ನೀವು ಯಾವತ್ತೂ ಸುಟ್ಟಿಲ್ಲ."

"ಹಲ್ಲಿರೋರಿಗೆ ಕೊಡು. ನನಗೆ ಬೇಡ."

ಈ ಸಲ ಇಕ್ರಾಮ್‌ಳ ಅಳುವಿನೊಳಗೇ ನಗು ಬರುತ್ತದೆ.

ಮನೆಗೆ ಬಂದು ಹಾಳೆ ತಣ್ಣಗಾಗಲು ಬಿಡುತ್ತಾರೆ. ಅಷ್ಟರಲ್ಲಿ ಪ್ರೊಸೆಸರ್ ಮೇಲೆ ಒಣಗಿ ಪುಡಿಯಾಗಿದ್ದ, ಶಾಖ ಸಾಗಿಸುವ ಪೇಸ್ಟನ್ನು ಒರೆಸಿ, ಅಕ್ಕಿಕಾಳಿನಷ್ಟು ಹೊಸದನ್ನು ಇಡುತ್ತಾರೆ. ಖಾಲಿಯಿದ್ದ ಜಾಗಕ್ಕೆ ಇನ್ನೊಂದು ಮೆಮೊರಿ ಪಟ್ಟಿ ಕೂರಿಸುತ್ತಾರೆ. ಆಮೇಲೆ ಚಾಕುವಿನ ತುದಿಯಿಂದ ಒಂದೊಂದೇ ಸ್ಕ್ರೂ ಎಬ್ಬಿಸಿ, ಅಂಟಿದ ಹಿಟ್ಟನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ಉದುರಿಸುತ್ತಾರೆ. ಸ್ಕ್ರೂ ಸಡಿಲವಾಗದಂತೆ ಹಚ್ಚಿದ್ದ ನೀಲಿ ಲೇಪ ಒಲೆಯ ಶಾಖಕ್ಕೆ ಸುಟ್ಟಿದೆ. ಅದಕ್ಕೆ ಬದಲು ಒಂದು ತೊಟ್ಟು ಉಗುರುಬಣ್ಣ.

ತೂರಿಯಾ ಗುಂಡಿ ಒತ್ತುತ್ತಾರೆ. ಪರದೆ ಬೆಳಗುತ್ತದೆ. ಲಲ್ಲಾ ರಹ್ಮಾ ಒಂದು ಲೋಟ ಚಹಾ ಮುಗಿಸಿ ಇನ್ನೊಂದು ಸುರಿದುಕೊಳ್ಳುತ್ತಾರೆ. ಯಂತ್ರ ಇನ್ನೂ ಆರಿಲ್ಲ. ಇಕ್ರಾಮ್‌ಳ ಕಡತಗಳೆಲ್ಲ ಪೆನ್‌ಡ್ರೈವಿಗೂ ಇಳಿಯುತ್ತವೆ. ಆಕೆ ತೂರಿಯಾರ ಎರಡೂ ಕೆನ್ನೆಗೆ ಮುತ್ತಿಟ್ಟು ಮಾರ್ತೀಲ್ ಟ್ಯಾಕ್ಸಿಗೆ ಓಡುತ್ತಾಳೆ.

"ಬೆಕ್ಕಿಗೆ ಬೇರೆ ಹಾಸಿಗೆ ಮಾಡು!" ತೂರಿಯಾ ಮೆಟ್ಟಿಲಿಂದ ಕೂಗುತ್ತಾರೆ.

ಸಂಜೆ ಪಕ್ಕದ ಓಣಿಯ ಮಾಳಿಗೆಯಿಂದ ಹೆಂಗಸೊಬ್ಬರು ನಾಲಿಗೆ ಹೊರಳಿಸಿ ಹಾಕುವ ಸಂತಸದ ಕೂಗು ಎದ್ದು ಊರ ಮೇಲೆ ಹಾಯುತ್ತದೆ, ಮದುವೆಮನೆಯಲ್ಲಿ ಏಳುವಂಥದ್ದು. ಇಕ್ರಾಮ್‌ಳ ಅಮ್ಮನ ಗಂಟಲು ಅದು. ಮೆಟ್ಟಿಲು ಹತ್ತಲಾಗದ ಲಲ್ಲಾ ರಹ್ಮಾ ಕಿಟಕಿಯಿಂದಲೇ ತಲೆ ಹೊರಹಾಕಿ ಮಾರುತ್ತರ ಕೊಡುತ್ತಾರೆ.

"ಪಾಸಾದಳು," ಎನ್ನುತ್ತಾರೆ ತೂರಿಯಾ. ಕೈ ಆಗಲೇ ಮುಂದಿನ ಲ್ಯಾಪ್‌ಟಾಪಿನ ಮೇಲಿದೆ. ಸ್ಕ್ರೂ ಕಿತ್ತ ಗುಳಿಗಳುಳ್ಳ ರೊಟ್ಟಿ ಗೋಡೆಯ ಮೊಳೆಗೆ ನೇತುಬಿದ್ದಿದೆ. ಇದೇ ಬಗೆಯ ಯಂತ್ರ ಇನ್ನೊಂದು ಬಂದೇ ಬರುತ್ತದೆ, ಆಗ ಹಿಟ್ಟು ತಟ್ಟುವ ಕೆಲಸ ಉಳಿಯಿತು ಎಂಬ ಲೆಕ್ಕ ಅವರದು.

ಕೆಲಸಕ್ಕೆ ಇನ್ನೇನಾದರೂ ಬೇಕೇ ಎಂದು ತೂರಿಯಾರನ್ನು ಕೇಳಿದರೆ ತಡವಿಲ್ಲದೆ ಉತ್ತರ ಬರುತ್ತದೆ. "ಒಂದು ಮೇಜು. ಯಾರೂ ಅದರ ಮೇಲೆ ತಿನ್ನಬಾರದು."

"ಅದು ಬಂದ ದಿನ ಮೊದಲ ಚಹಾ ಅದರ ಮೇಲೆ ನಾನೇ ಕುಡಿಯೋದು," ಲಲ್ಲಾ ರಹ್ಮಾ ಬಿಡುವುದಿಲ್ಲ.

"ಕುಡೀರಿ ಅತ್ತೆ," ತೂರಿಯಾ ಮೂಲೆಯ ಸ್ಕ್ರೂ ಬಿಚ್ಚುತ್ತಾ ಹೇಳುತ್ತಾರೆ, "ಸಕ್ಕರೆ ಮಾತ್ರ ಚೆಲ್ಲಬೇಡಿ."