ಮಾರ್ತಕ್ಕನ ಸೇಬಿನ ಕೇಕು

ಮಾರ್ತಕ್ಕ ಕೂತು ಊಟ ಮಾಡಿದ್ದನ್ನು ನಾನು ಅವರ ಜೊತೆಗಿದ್ದ ಅಷ್ಟೂ ದಿನಗಳಲ್ಲಿ ಒಮ್ಮೆಯೂ ನೋಡಲಿಲ್ಲ. ತಟ್ಟೆಯನ್ನು ಎಡಗೈಯಲ್ಲಿ ಹಿಡಿದು ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಬೀದಿಬಾಗಿಲಿಗೆ ಓಡಾಡುತ್ತಲೇ ಮುದ್ದೆ ನುಂಗುತ್ತಿದ್ದರು. ಸಾರು ಅಂಚಿಗೆ ಬಂದು ಇನ್ನೇನು ಚೆಲ್ಲಿತು ಅನ್ನುವಾಗ ತಟ್ಟೆಯನ್ನು ಒಂದಿಷ್ಟು ಓರೆ ಮಾಡಿ ಅದನ್ನು ಹಿಂದಕ್ಕೆ ಕಳಿಸುತ್ತಿದ್ದರು. ಕಣ್ಣು ಮಾತ್ರ ಬೀದಿಯ ಮೇಲೆ. ಯಾರಾದರೂ ಜೋರಾಗಿ ಸೈಕಲ್ ತುಳಿದುಕೊಂಡು ಬಂದರೆ ಸಾಕು, ತಟ್ಟೆ ಕೆಳಗಿಟ್ಟು ಕೈ ತೊಳೆಯಲು ಹೊರಟುಬಿಡುತ್ತಿದ್ದರು. ಆ ಸೈಕಲ್ಲು ನಮ್ಮ ಮನೆ ದಾಟಿ ಮುಂದೆ ಹೋದರೆ ಅವರ ಮುಖದಲ್ಲಿ ಸಮಾಧಾನಕ್ಕಿಂತ ಹೆಚ್ಚಾಗಿ ಏನೋ ತಪ್ಪಿಹೋದಂಥ ಭಾವ ಕಾಣುತ್ತಿತ್ತು.

ಅವರು ಅಜ್ಜಂಪುರದಲ್ಲಿ ಹೆರಿಗೆ ಮಾಡಿಸುವ ನರ್ಸು. ನಾನು ಕಡೂರಿನ ಲಿಂಗಾಯತರ ಮನೆಯವಳು. ಎಪ್ಪತ್ತರ ದಶಕದ ಕೊನೆಯಲ್ಲಿ ಅಲ್ಲಿನ ಪ್ರೈಮರಿ ಶಾಲೆಗೆ ಟೀಚರಾಗಿ ಹೋದೆ. ಒಂಟಿ ಹೆಣ್ಣುಮಗಳಿಗೆ ಮನೆ ಕೊಡಲು ಯಾರೂ ಒಪ್ಪದೆ ಅಪ್ಪ ಊರೆಲ್ಲಾ ಸುತ್ತಿ ಸುಸ್ತಾಗಿದ್ದಾಗ, ನರ್ಸಮ್ಮನ ಮನೆ ಅರ್ಧ ಖಾಲಿ ಇದೆ ಎಂದು ಯಾರೋ ಹೇಳಿದರು. ಅವರು ಕ್ರೈಸ್ತರು, ಮಾಂಸ ತಿನ್ನುವವರು ಎಂದು ಅಪ್ಪ ಹಿಂದೆಮುಂದೆ ನೋಡಿದರು. ಮಾರ್ತಕ್ಕ ಅಡುಗೆಮನೆಯ ನಡುವೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಈ ಕಡೆ ನಿಮ್ಮ ಮಗಳದು, ಆ ಕಡೆ ನನ್ನದು, ಗೆರೆ ಅಳಿಸಿಹೋದರೆ ಇನ್ನೊಂದು ಎಳೆಯೋಣ ಅಂದರು. ಅಪ್ಪ ನಕ್ಕು ಒಪ್ಪಿದರು. ಆ ಗೆರೆ ಒಂದು ತಿಂಗಳೂ ಉಳಿಯಲಿಲ್ಲ.

ಆಗ ಅವರಿಗೆ ನಲವತ್ತರ ಹತ್ತಿರ ವಯಸ್ಸು. ಮದುವೆಯಾಗಿರಲಿಲ್ಲ. ಯಾವ ಊರಲ್ಲೂ ಮೂರು ವರ್ಷದ ಮೇಲೆ ನಿಂತವರಲ್ಲ. ವರ್ಗ ಬರದಿದ್ದರೆ ತಾವೇ ಅರ್ಜಿ ಹಾಕಿಕೊಳ್ಳುತ್ತಿದ್ದರು. ಒಂದು ಗಳಿಗೆ ಕೂತ್ಕೊಳ್ಳಿ ಅಕ್ಕ ಅಂದರೆ, "ಕೂತ್ರೆ ಕಾಲು ಕೇಳ್ತಾವೆ ಕಣೇ ಗಿರಿಜಾ, ಯಾಕ್ ಕೂತೆ ಅಂತ" ಅನ್ನುತ್ತಿದ್ದರು. ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸರನ್ನೂ ಮಲಗಲು ಬಿಡುತ್ತಿರಲಿಲ್ಲವಂತೆ. "ನಡೀ ತಾಯಿ, ನಡೀ. ಒಳಗೆ ಕೂಸು ದಾರಿ ಹುಡುಕ್ತಾ ಐತೆ, ನೀನು ಮಲಗಿದ್ರೆ ಅದು ಯಾರನ್ನ ಕೇಳ್ಬೇಕು?" ಎಂದು ತೋಳು ಹಿಡಿದು ಅಂಗಳದಲ್ಲಿ ನಡೆಸುತ್ತಿದ್ದರಂತೆ. ನಮ್ಮ ಶಾಲೆಗೆ ಮಕ್ಕಳನ್ನು ಬಿಡಲು ಬರುತ್ತಿದ್ದ ತಾಯಂದಿರು ಇದನ್ನು ನನಗೆ ಮಾಡಿ ತೋರಿಸಿ ನಗುತ್ತಿದ್ದರು.

ಡಿಸೆಂಬರ್ ಬಂತೆಂದರೆ ಅವರ ಚಡಪಡಿಕೆ ಇಮ್ಮಡಿಯಾಗುತ್ತಿತ್ತು. ಕ್ರಿಸ್‌ಮಸ್ಸಿಗೆ ಅವರು ಸೇಬಿನ ಕೇಕು ಮಾಡಿ ತರೀಕೆರೆಯಲ್ಲಿದ್ದ ತಮ್ಮ ತಂದೆಗೆ ಕೊಂಡೊಯ್ಯಬೇಕು. ಅದು ಅವರ ಮನೆಯಲ್ಲಿ ನಡೆದುಬಂದದ್ದು. ತಂದೆ ಏಸುದಾಸಪ್ಪ ಕಾಫಿ ತೋಟವೊಂದರ ಬಂಗಲೆಯಲ್ಲಿ ದೊರೆಗಳಿಗೆ ಅಡುಗೆ ಮಾಡಿಕೊಂಡಿದ್ದವರು. ಆ ಕೇಕನ್ನು ಅವರಿಗೆ ಹೇಳಿಕೊಟ್ಟವಳು ದೊರೆಸಾನಿ. ಅವಳ ದೇಶದಲ್ಲಿ ಯುದ್ಧ ನಡೆದು ಮೊಟ್ಟೆ ಸಿಗದೇ ಹೋದಾಗ ಅವಳ ತಾಯಿ ಸೇಬನ್ನು ಬೇಯಿಸಿ, ಮಸೆದು, ಮೊಟ್ಟೆಯ ಬದಲು ಹಿಟ್ಟಿಗೆ ಕಲಸಿ ಮಾಡಿದ್ದಂತೆ. ಮೊಟ್ಟೆಯಿಲ್ಲದ ಕೇಕು ಇದ್ದೀತೆಂದು ನಾನು ಮೊದಲ ವರ್ಷ ನಂಬಲೇ ಇಲ್ಲ. ಅವರು ಕೊಟ್ಟ ಚೂರನ್ನು ಕಾಗದದಲ್ಲಿ ಸುತ್ತಿ ಇಟ್ಟುಕೊಂಡು, ಮಾರನೇ ದಿನ ಶಾಲೆಯ ಜವಾನನಿಗೆ ಕೊಟ್ಟುಬಿಟ್ಟೆ. ಅದು ಅವರಿಗೆ ಗೊತ್ತಾಯಿತು. ಮುಂದಿನ ವರ್ಷ ನಿನ್ನನ್ನೇ ಎದುರಿಗೆ ನಿಲ್ಲಿಸಿಕೊಂಡು ಮಾಡುತ್ತೇನೆ, ಏನೇನು ಹಾಕುತ್ತೇನೆ ಕಣ್ಣಾರೆ ನೋಡು ಅಂದರು.

ಹಾಗೆ ಎರಡನೆಯ ವರ್ಷ ಸೇಬು ತರಲು ಇಬ್ಬರೂ ಕಡೂರಿಗೆ ಹೋದೆವು. ಆಗ ಸೇಬು ಎಂದರೆ ಕಾಯಿಲೆಯವರ ಹಣ್ಣು. ಬಸ್‌ಸ್ಟ್ಯಾಂಡಿನ ಹತ್ತಿರದ ಹಣ್ಣಿನವನು ಅವನ್ನು ನೀಲಿ ಕಾಗದದಲ್ಲಿ ಸುತ್ತಿ ಮೇಲಿನ ಹಲಗೆಯಲ್ಲಿ ಇಡುತ್ತಿದ್ದ. ತೆಗೆದುಕೊಡುವಾಗ ಯಾರಿಗೆ ಹುಷಾರಿಲ್ಲ ಎಂದು ಕೇಳಿದ. ಕಂಡಕ್ಟರೂ ಅದನ್ನೇ ಕೇಳಿದ. ಪಕ್ಕದ ಸೀಟಿನ ಅಜ್ಜಿಯೂ ಕೇಳಿದಳು. ಮೊದಲ ಇಬ್ಬರಿಗೆ ಮಾರ್ತಕ್ಕ ಕೇಕಿನ ಕಥೆಯನ್ನೆಲ್ಲಾ ಹೇಳಿದರು. ಅಜ್ಜಿಯ ಹೊತ್ತಿಗೆ ಬೇಸತ್ತು, ನಮ್ಮಪ್ಪನಿಗೆ ಎಂದುಬಿಟ್ಟರು. ಅಜ್ಜಿ ಲೊಚಗುಟ್ಟಿದಳು. ಅಲ್ಲಿಂದ ಅಜ್ಜಂಪುರದವರೆಗೂ ಅವರಿಗೆ ನೆಮ್ಮದಿಯಿಲ್ಲ. "ಯಾಕ್ ಹಂಗಂದೆ ನಾನು? ಒಳ್ಳೇ ದಿನದಲ್ಲಿ ಯಾಕ್ ಅಂಥ ಮಾತು ಬಂತು?" ಎಂದು ನನ್ನನ್ನು ಕೇಳುತ್ತಲೇ ಇದ್ದರು.

ಅವರ ಆತಂಕಕ್ಕೆ ಇನ್ನೊಂದು ಕಾರಣವಿತ್ತು. ತಂದೆ ಪ್ರತಿ ವರ್ಷ ಕೇಕಿನ ಒಂದು ಚೂರು ಬಾಯಿಗೆ ಹಾಕಿಕೊಂಡು, ಏನೋ ಒಂದು ಕಮ್ಮಿ ಐತೆ ಅನ್ನುತ್ತಿದ್ದರಂತೆ. ಏನು ಅಂತ ಹೇಳುತ್ತಿರಲಿಲ್ಲ. ಮಾರ್ತಕ್ಕ ಒಂದು ವರ್ಷ ಜಾಯಿಕಾಯಿ ಹೆಚ್ಚು ಹಾಕಿದರು, ಒಂದು ವರ್ಷ ಒಣದ್ರಾಕ್ಷಿಯನ್ನು ಹಿಂದಿನ ದಿನವೇ ನೆನೆಹಾಕಿದರು, ಇನ್ನೊಂದು ವರ್ಷ ಡಾಲ್ಡಾ ಬಿಟ್ಟು ತುಪ್ಪ ಹಾಕಿದರು. ಮಾತು ಮಾತ್ರ ಅದೇ. ಹಾಗಾಗಿ ಕೇಕು ಕೊಟ್ಟು, ಆ ಮಾತು ಕೇಳಿ, ನಿಂತ ಕಾಲಲ್ಲೇ ಮುಂದಿನ ಬಸ್ಸು ಹಿಡಿಯುತ್ತಿದ್ದರು. ಹುಟ್ಟಿದ ದಿನವೇ ತಾಯಿಯನ್ನು ಕಳೆದುಕೊಂಡವರು ಅವರು. ತಂದೆಗೆ ಬೇರೆ ಮಕ್ಕಳಿಲ್ಲ. ಆದರೂ ವರ್ಷಕ್ಕೆ ಇದೊಂದೇ ಸಲ ಹೋಗುತ್ತಿದ್ದದ್ದು. ಪಕ್ಕದ ಮನೆಯವರು ಅವರ ತಂದೆಗೆ ಊಟಕ್ಕೆ ನೋಡಿಕೊಳ್ಳುತ್ತಿದ್ದರು.

ಕ್ರಿಸ್‌ಮಸ್ಸಿನ ಹಿಂದಿನ ದಿನ ಬೆಳಿಗ್ಗೆಯೇ ಕೆಲಸ ಶುರುವಾಯಿತು. ಸೇಬಿನ ಸಿಪ್ಪೆ ತೆಗೆದು, ಹೋಳು ಮಾಡಿ, ಸಕ್ಕರೆಯೊಂದಿಗೆ ಬೇಯಿಸಿದರು. ಅದು ಮೆತ್ತಗಾಗಿ ಗೊಜ್ಜಿನಂತಾಯಿತು. ಮೈದಾ, ತುಪ್ಪ, ಬೆಲ್ಲ, ಚಕ್ಕೆ, ಲವಂಗ, ಜಾಯಿಕಾಯಿ, ಚಿಟಿಕೆ ಸೋಡ, ಒಂದೊಂದನ್ನೂ ನನ್ನ ಮೂಗಿನ ಮುಂದೆ ಹಿಡಿದು ತೋರಿಸಿ ಆಮೇಲೆ ಹಾಕಿದರು. ಇದ್ದಿಲ ಒಲೆಯ ಮೇಲೆ ದಪ್ಪ ಪಾತ್ರೆ, ಅದರ ತಳದಲ್ಲಿ ಮರಳು, ಮರಳಿನ ಮೇಲೆ ಬಂಗಲೆಯ ಕಾಲದ ತಗಡಿನ ಡಬ್ಬಿ. ಪಾತ್ರೆಗೆ ಮುಚ್ಚಳ ಮುಚ್ಚಿ ಅದರ ಮೇಲೂ ಕೆಂಡ ಹರಡಿದರು.

ಹತ್ತು ನಿಮಿಷವೂ ಆಗಿರಲಿಲ್ಲ. ಊರಾಚೆಯ ಹಟ್ಟಿಯಿಂದ ಒಬ್ಬಾತ ಸೈಕಲ್ಲಿನಲ್ಲಿ ಬಂದ. ಹೆಂಡತಿಗೆ ಬೆಳಗಿನ ಜಾವದಿಂದ ನೋವು, ಕೂಸು ಅಡ್ಡ ತಿರುಗಿದೆಯಂತೆ ಅಂದ. ಮಾರ್ತಕ್ಕ ಆಗಲೇ ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದರು. ಬಾಗಿಲಲ್ಲಿ ಒಮ್ಮೆ ತಿರುಗಿ ಒಲೆ ನೋಡಿದರು, ನನ್ನನ್ನು ನೋಡಿದರು.

"ಮುಕ್ಕಾಲು ಗಂಟೆ ಕಣೇ. ಮೇಲಿನ ಕೆಂಡ ಆರಿದ್ರೆ ಬೇರೆ ಹಾಕು. ಮುಚ್ಚಳ ಮಾತ್ರ ತೆಗೀಬೇಡ."

ಹೋಗಿಬಿಟ್ಟರು. ನಾನು ಗಡಿಯಾರ ನೋಡಿದೆ. ಒಲೆ ನೋಡಿದೆ. ಅವರ ಹಾಗೆಯೇ ಬೀದಿಬಾಗಿಲಿಗೆ ಹೋಗಿ ಬಂದೆ. ಇಪ್ಪತ್ತು ನಿಮಿಷಕ್ಕೆಲ್ಲಾ ಏನೋ ಸೀದ ವಾಸನೆ ಬಂದಂತಾಯಿತು. ಅವರು ತಮ್ಮ ಅಪ್ಪನಿಗಾಗಿ ವರ್ಷವಿಡೀ ಕಾದು ಮಾಡಿದ ಕೇಕು ನನ್ನ ಕೈಯಲ್ಲಿ ಸೀದುಹೋಗುತ್ತಿದೆ ಅನ್ನಿಸಿತು. ಇಕ್ಕಳದಲ್ಲಿ ಮುಚ್ಚಳ ಎತ್ತಿ ನೋಡಿದೆ. ಸೀದಿರಲಿಲ್ಲ. ಚೆನ್ನಾಗಿ ಉಬ್ಬಿತ್ತು. ಮುಚ್ಚಿದೆ. ಮುಚ್ಚುವಾಗ ಕೆಂಡ ಒಳಗೆ ಬಿತ್ತೇನೋ ಎಂದು ಮತ್ತೆ ತೆಗೆದೆ. ಈ ಸಲ ನನ್ನ ಕಣ್ಣೆದುರಿಗೇ ಅದರ ನಡುಭಾಗ ಮೆಲ್ಲಗೆ ಕುಸಿದು ಹಳ್ಳವಾಯಿತು.

ಮಾರ್ತಕ್ಕ ದೀಪ ಹಚ್ಚುವ ಹೊತ್ತಿಗೆ ಬಂದರು. ಸೀರೆಯ ಅಂಚೆಲ್ಲಾ ಧೂಳು. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದಾರೆ ಅಂದರು. ನಾನು ಅಳುತ್ತಾ ಡಬ್ಬಿ ತೋರಿಸಿದೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬೇರೆ ಮಾಡಲು ಸೇಬು ಉಳಿದಿರಲಿಲ್ಲ. ಆಗಿದ್ದಾಯ್ತು, ಹಿಂಗೇ ತಗೊಂಡು ಹೋಗೋಣ ಅಂದರು. ಜೊತೆಗೆ ನಾನೂ ಬರಬೇಕೆಂದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮಾರನೇ ದಿನ ತರೀಕೆರೆಗೆ ಹೋದೆವು. ಡಬ್ಬಿ ನನ್ನ ತೊಡೆಯ ಮೇಲಿತ್ತು. ಬಸ್ಸು ಕುಲುಕಿದಾಗಲೆಲ್ಲಾ ಮಾರ್ತಕ್ಕ ಅದರ ಮೇಲೆ ಕೈಯಿಡುತ್ತಿದ್ದರು. ಏಸುದಾಸಪ್ಪ ಒಗೆದು ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡು ಬಾಗಿಲ ಬಳಿ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಮಗಳು ನಮಸ್ಕಾರ ಮಾಡಿ ಡಬ್ಬಿಯನ್ನು ಅವರ ಕೈಗೆ ಕೊಟ್ಟರು. ಮುದುಕರ ಬೆರಳು ಕೇಕಿನ ಅಂಚಿನಿಂದ ನಿಧಾನವಾಗಿ ಸರಿದು ನಡುವಿನ ಹಳ್ಳಕ್ಕೆ ಬಂದು ನಿಂತಿತು.

"ಮುಚ್ಚಳ ಯಾರು ತೆಗೆದೋರು?"

"ನಾನೇ ಅಪ್ಪ" ಅಂದರು ಮಾರ್ತಕ್ಕ.

ನನಗೆ ತಡೆಯಲಾಗಲಿಲ್ಲ. ಅವರಲ್ಲ ತಾತ, ನಾನು ತೆಗೆದದ್ದು ಅಂದೆ. ಅವರು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಹಾಗಾದರೆ ಇವಳು ಎಲ್ಲಿದ್ದಳು ಎಂದು ಕೇಳಿದರು. ಹೆರಿಗೆಗೆ ಕರೆದರು, ಅರ್ಧಕ್ಕೇ ಬಿಟ್ಟು ಹೋದರು, ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಮುದುಕರು ನನಗೆ ಹೇಳುವಂತೆ, ಮಗಳ ಕಡೆ ತಿರುಗದೆ, ಹೇಳತೊಡಗಿದರು. ಇವಳು ಹುಟ್ಟಿದ್ದು ಹೀಗೇ ಕ್ರಿಸ್‌ಮಸ್ಸಿನ ಮುಂಚೆ. ಬಂಗಲೆಗೆ ನೆಂಟರು ಬರುವವರಿದ್ದರು. ಕೇಕು ಒಲೆಯೊಳಗಿತ್ತು. ಹೆಂಡತಿಗೆ ನೋವು ಜೋರಾಗಿದೆ, ಬಾ ಎಂದು ತೋಟದ ಆಳುಗಳ ಲೈನು ಮನೆಗಳಿಂದ ಎರಡು ಸಲ ಕರೆ ಬಂತು.

"ಹೋಗ್ಲಾ ಅಂತ ದೊರೆಸಾನೀನ ಕೇಳ್ಲೇ ಇಲ್ಲ ನಾನು. ಕೇಳಿದ್ರೆ ಕಳಿಸ್ತಿದ್ರು. ಒಳ್ಳೇ ಹೆಂಗಸು. ಇನ್ನ ಅರ್ಧ ಗಂಟೆ, ಕೇಕು ಇಳಿಸಿ ಹೋದ್ರಾಯ್ತು ಅಂತ ಒಲೆ ಮುಂದೆ ನಿಂತೆ. ಹೋಗೋ ಹೊತ್ತಿಗೆ ಇವಳು ಅಳ್ತಾ ಇದ್ಲು. ಇವಳವ್ವ ಇರ್ಲಿಲ್ಲ."

ಬೆರಳು ಇನ್ನೂ ಆ ಹಳ್ಳದಲ್ಲೇ ಇತ್ತು.

"ಅವತ್ತಿನ ಕೇಕು ಒಂಚೂರೂ ಕುಸಿದಿರ್ಲಿಲ್ಲ" ಅಂದರು.

ಮಾರ್ತಕ್ಕ ಹೊರಗೆ ಹೋದರು. ಮನೆ ಮುಂದಿನ ಬೀದಿಯಲ್ಲಿ ಆ ತುದಿಗೆ, ಈ ತುದಿಗೆ ನಡೆಯತೊಡಗಿದರು. ಬಾಗಿಲಿನಿಂದ ನನಗೆ ಕಾಣುತ್ತಿತ್ತು. ಪ್ರಾರ್ಥನೆ ಮುಗಿಸಿ ಹೊಸ ಬಟ್ಟೆಯಲ್ಲಿ ಬರುತ್ತಿದ್ದವರು ಹಬ್ಬದ ಶುಭಾಶಯ ಹೇಳಿದರೆ, ಕೈ ಮುಗಿದು ಮತ್ತೆ ನಡೆಯುತ್ತಿದ್ದರು. ಮುದುಕರು ಚಾಕು ಕೇಳಿ ಇಸಿದುಕೊಂಡು ಕೇಕು ಕೊಯ್ದರು. ಕಣ್ಣು ಕಾಣದಿದ್ದರೂ ಹೋಳುಗಳು ಅಳೆದಂತಿದ್ದವು. ನನಗೊಂದು ಕೊಟ್ಟರು. ನಾನು ಅದನ್ನು ಮೊದಲ ಸಲ ತಿಂದದ್ದು ಅಲ್ಲಿ. ಸೇಬಿನ ತೇವ, ಬೆಲ್ಲದ ಸಿಹಿ, ಹಿಂದಿನಿಂದ ಲವಂಗದ ಖಾರ. ಅವರೂ ತಮ್ಮ ಹೋಳನ್ನು ಪೂರ್ತಿ ತಿಂದರು. ಕಮ್ಮಿ ಇದೆ ಅನ್ನುವ ಮಾತು ಆ ದಿನ ಬರಲಿಲ್ಲ.

ಮಾರ್ತಕ್ಕ ಒಳಗೆ ಬಂದಾಗ ಕಣ್ಣು ಕೆಂಪಾಗಿತ್ತು. ಅಪ್ಪನ ಕೋಟಿನ ಮೇಲೆ ಬಿದ್ದಿದ್ದ ಪುಡಿಯನ್ನು ಕೈಯಿಂದ ಕೊಡವಿ, ಹೊರಡ್ತೀವಿ ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತಾಡಿದರು. "ಇಷ್ಟು ವರ್ಷ ನನ್ನ ಕೈಗುಣಾನೇ ಸರಿಯಿಲ್ಲ ಅನ್ಕಂಡಿದ್ದೆ ಕಣೇ."

ಕೋಪವೋ ಸಮಾಧಾನವೋ ನನಗೆ ಆ ದನಿಯಿಂದ ತಿಳಿಯಲಿಲ್ಲ. ಆದರೆ ಜನವರಿಯಿಂದ ಅವರು ಭಾನುವಾರ ಭಾನುವಾರ ತರೀಕೆರೆಗೆ ಹೋಗತೊಡಗಿದರು. ಅಲ್ಲಿ ಏನು ಮಾತಾಡುತ್ತಿದ್ದರೋ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ತಂದೆಯ ಕಣ್ಣಿನ ಆಪರೇಷನ್ನಿಗೆ ಓಡಾಡಿದರು. ಅದು ಆಗುವ ಮುಂಚೆಯೇ, ಆ ಮಳೆಗಾಲದಲ್ಲಿ, ಏಸುದಾಸಪ್ಪ ತೀರಿಕೊಂಡರು. ಮಗಳು ಹತ್ತಿರದಲ್ಲೇ ಇದ್ದರು.

ಆ ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ಕೇಕಿನ ಸುದ್ದಿಯೇ ಬರಲಿಲ್ಲ. ಹೊಸ ವರ್ಷ ಹುಟ್ಟುತ್ತಲೇ ಅವರು ವರ್ಗಕ್ಕೆ ಅರ್ಜಿ ಹಾಕಿ ಲಕ್ಕವಳ್ಳಿಗೆ ಹೊರಟುಹೋದರು. ತಗಡಿನ ಡಬ್ಬಿಯನ್ನು ನನಗೆ ಬಿಟ್ಟುಹೋದರು. ಮದುವೆಯಾಗಿ ನಾನು ಕಡೂರಿಗೆ ಹಿಂದಿರುಗಿದ ಮೇಲೆ ವರ್ಷಕ್ಕೊಮ್ಮೆ ಅದರಲ್ಲಿ ಕೇಕು ಮಾಡುತ್ತಿದ್ದೆ. ನಮ್ಮತ್ತೆ ಅದನ್ನು ಸೇಬಿನ ಸಜ್ಜಿಗೆ ಎಂದು ಕರೆದು ಎರಡೆರಡು ಹೋಳು ತಿನ್ನುತ್ತಿದ್ದರು.

ನಾನು ಅವರನ್ನು ಕಡೆಯ ಬಾರಿ ನೋಡಿದ್ದು ಎಂಬತ್ತರ ದಶಕದ ನಡುವೆ, ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ. ಒಂದು ಬಸ್ಸಿಳಿದು ಇನ್ನೊಂದಕ್ಕೆ ಓಡುತ್ತಿದ್ದರು. ಕೂದಲು ನೆರೆತಿತ್ತು, ಬ್ಯಾಗು ಹೊಸದು. ನನ್ನನ್ನು ನೋಡಿ ನಿಂತರು, ನನ್ನ ಮಗನ ಗಲ್ಲ ಹಿಂಡಿದರು. ಈಗ ಎಲ್ಲಿದ್ದೀರಿ ಎಂದು ಕೇಳಿದೆ. ಲಕ್ಕವಳ್ಳಿಯಾದ ಮೇಲೆ ಇನ್ನೆರಡು ಊರು ಆಯಿತು, ಈಗ ಮತ್ತೆ ವರ್ಗ ಅಂದರು. ಅಷ್ಟರಲ್ಲಿ ಬಸ್ಸು ಹಾರನ್ ಹೊಡೆಯಿತು. ಮೆಟ್ಟಿಲು ಹತ್ತಿದವರು ಅಲ್ಲೇ ತಿರುಗಿ, "ಗಿರಿಜಾ, ಈ ಸಲ ಕೇಕು ಮಾಡ್ಬೇಕು ಅನ್ನಿಸ್ತೈತೆ ಕಣೇ. ಅಷ್ಟು ವರ್ಷ ಆಯ್ತಲ್ಲ, ಕೈಗೆ ಮರೆತುಹೋಗೈತೆ. ಏನೇನ್ ಎಷ್ಟೆಷ್ಟು ಹಾಕ್ತಿದ್ದೆ ನಾನು?" ಎಂದು ಕೇಳಿದರು.

ನಾನು ಹೇಳತೊಡಗಿದೆ. ನಾಲ್ಕು ಸೇಬು, ಎರಡು ಪಾವು ಮೈದಾ, ಬೆಲ್ಲ ಅದರ ಅರ್ಧ. ಬಸ್ಸು ಹೊರಟಿತು. ಅವರು ಕಿಟಕಿಯ ಹತ್ತಿರ ಬಂದರು. ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಸ್ಸಿನ ಪಕ್ಕದಲ್ಲೇ ಓಡುತ್ತಾ ತುಪ್ಪ ಹೇಳಿದೆ, ಚಕ್ಕೆ ಹೇಳಿದೆ, ಜಾಯಿಕಾಯಿ ಕಾಲು ಭಾಗ ಎಂದು ಕೂಗಿ ಹೇಳಿದೆ. ಲವಂಗದ ಹೊತ್ತಿಗೆ ಗೇಟಿನ ಹತ್ತಿರ ಬಸ್ಸು ವೇಗ ಹಿಡಿಯಿತು. ದನಿ ತಲುಪುವುದಿಲ್ಲವೆಂದು ಮೂರು ಬೆರಳು ಎತ್ತಿ ತೋರಿಸಿದೆ. ಕಿಟಕಿಯಿಂದ ಅವರ ಕೈ ಹೊರಗೆ ಬಂತು. ಮೂರು ಎಂದು ಅವರೂ ತೋರಿಸಿದರೋ, ಬರುತ್ತೇನೆಂದು ಕೈ ಬೀಸಿದರೋ, ಆ ಧೂಳಿನಲ್ಲಿ ನನಗೆ ಕಾಣಲಿಲ್ಲ.